ಜ್ವರ ಬಿಟ್ಟರೂ ಗಂಟು ನೋವು ಬಿಡಲಿಲ್ಲವೇ?

ಚಿಕುನ್‌ಗುನ್ಯಾ ಜ್ವರ ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ಆದರೆ ಹಲವರಿಗೆ ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದು, ಪಾದ ಊರಲಾಗದು, ಸೊಂಟ ಹಿಡಿದಿರುತ್ತದೆ. 1952ರಲ್ಲಿ ತಾಂಜಾನಿಯಾದ ಮಕೊಂಡೆ ಜನರು ರೋಗಿಗಳ ಬಾಗಿದ ಮೈ ನೋಡಿಯೇ ಇದಕ್ಕೆ ಈ ಹೆಸರಿಟ್ಟರು. 2006ರಲ್ಲಿ ನಮ್ಮ ರಾಜ್ಯದಲ್ಲೂ ಇದು ವ್ಯಾಪಕವಾಗಿ ಹರಡಿತ್ತು.

ರಕ್ತದಿಂದ ವೈರಸ್ ಹೋದ ಮೇಲೂ ಗಂಟುಗಳ ಒಳಪೊರೆಯ ಉರಿಯೂತ ಉಳಿಯಬಹುದು. ಹೀಗಾಗಿ ನೋವು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಮನೆಯವರು ಇದನ್ನು ಸೋಮಾರಿತನವೆಂದು ತಿಳಿಯಬಾರದು.

ಜ್ವರವಿರುವಾಗ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ರಕ್ತಸ್ರಾವದ ಅಪಾಯವಿದೆ. ಜ್ವರ ಇಳಿದ ಮೇಲೆ ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ಕೈಕಾಲು ಇಟ್ಟು ಬೆರಳು, ಮಣಿಕಟ್ಟು, ಹರಡುಗಳನ್ನು ನಿಧಾನವಾಗಿ ಆಡಿಸಿ. ಪೂರ್ತಿ ಮಲಗಿಯೇ ಇದ್ದರೆ ಬಿಗಿತ ಹೆಚ್ಚುತ್ತದೆ. ಊದಿ ಕೆಂಪಾದ ಗಂಟನ್ನು ಬಲವಾಗಿ ತಿಕ್ಕಬೇಡಿ. ಸಜ್ದಾ ಮಾಡಲು ಮಂಡಿ ಬಾಗದಿದ್ದರೆ ಕುಳಿತು ನಮಾಝ್ ಮಾಡಲು ಅನುಮತಿಯಿದೆ; ಹಠ ಹಿಡಿದು ಗಂಟನ್ನು ನೋಯಿಸಬೇಡಿ.

ಯುನಾನಿಯಲ್ಲಿ ಗಂಟು ನೋವಿಗೆ ‘ವಜಉಲ್ ಮಫಾಸಿಲ್’ ಎನ್ನುತ್ತೇವೆ. ಸುರಂಜಾನ್ ಅದರ ಹೆಸರಾಂತ ಔಷಧಿ. ಆದರೆ ಕಹಿ ಸುರಂಜಾನ್ ವಿಷಕಾರಿ. ಅಂಗಡಿಯಿಂದ ತಂದು ನೀವೇ ಕುಟ್ಟಿ ಸೇವಿಸಬೇಡಿ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ಇನ್ನೂ ಎಚ್ಚರವಾಗಿರಬೇಕು.

ಇನ್ನೊಂದು ಮುಖ್ಯ ಮಾತು. ಹೆಸರು, ಚೀಟಿ ಇಲ್ಲದ ‘ಗಿಡಮೂಲಿಕೆ ಪುಡಿ’ ಎರಡೇ ದಿನಕ್ಕೆ ನೋವು ಓಡಿಸಿದರೆ ಸಂತೋಷಪಡುವ ಬದಲು ಸಂಶಯಪಡಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಮುಖ ಊದುವುದು, ಸಕ್ಕರೆ ಮತ್ತು ರಕ್ತದೊತ್ತಡ ಏರುವುದು, ಮೂಳೆ ಟೊಳ್ಳಾಗುವುದು ಅದರ ಫಲ. ಬಹುಕಾಲ ಸೇವಿಸಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ. ಪುಡಿಯ ಪೊಟ್ಟಣದೊಂದಿಗೆ ಕೂಡಲೇ ವೈದ್ಯರ ಬಳಿಗೆ ಹೋಗಿ.

ಮೂರು ತಿಂಗಳಾದರೂ ಊತ ಇಳಿಯದಿದ್ದರೆ, ಬೆಳಗಿನ ಬಿಗಿತ ಒಂದು ಗಂಟೆಗೂ ಹೆಚ್ಚು ಇದ್ದರೆ ಕೀಲುವಾತ ತಜ್ಞರನ್ನು ಕಾಣಿ. ಅದು ರುಮಟಾಯ್ಡ್ ಸಂಧಿವಾತವೇ ಎಂಬುದು ರಕ್ತಪರೀಕ್ಷೆ ಮತ್ತು ತಪಾಸಣೆಯಿಂದ ತಿಳಿಯಬೇಕು. ಸೊಂಟ ನೋವಿನ ಜೊತೆ ಕಾಲು ಸೋತರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಈ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಜ್ವರ ಬಂದ ಮೊದಲ ವಾರ ರೋಗಿ ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಲಿ. ಡ್ರಮ್, ಹೂಕುಂಡ, ತೆಂಗಿನ ಚಿಪ್ಪುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ. ಮನೆಯ ಉಳಿದವರ ಗಂಟುಗಳನ್ನು ಕಾಯುವ ಅಗ್ಗದ ಔಷಧಿ ಅದೇ.