ಓದಿನಲ್ಲಿ ತೊಡರುವ ಮಗುವಿಗೆ ತಕ್ಕ ಶಾಲೆ

ಭಾರತದ ಪ್ರಾಚೀನ ನೀತಿಶಾಸ್ತ್ರಕಾರರು ಬುದ್ಧಿಯ ಗುಣಗಳನ್ನು ಎಂಟೆಂದು ಎಣಿಸಿದ್ದಾರೆ. ಕಾಮಂದಕನ 'ನೀತಿಸಾರ'ದಲ್ಲಿ ಬರುವ ಆ ಗಣನೆಯಲ್ಲಿ ಕೇಳುವ ಬಯಕೆಗೆ, ಗ್ರಹಣಕ್ಕೆ, ಧಾರಣಕ್ಕೆ, ಊಹೆಗೆ ಸ್ಥಾನವುಂಟು. ಬರೆದ ಅಕ್ಷರವನ್ನು ತಡವರಿಸದೆ ಓದಬಲ್ಲ ವೇಗಕ್ಕೆ ಮಾತ್ರ ಸ್ಥಾನವಿಲ್ಲ. ಇಂದಿನ ಶಾಲೆಯಲ್ಲಾದರೋ ಮಗುವಿನ ಬುದ್ಧಿಯನ್ನು ಅಳೆಯುವ ಮೊದಲ ಕೋಲೇ ಓದು. ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ಮರಳಿ ಹೇಳುವ, ಸಂತೆಯ ಲೆಕ್ಕವನ್ನು ಬಾಯಲ್ಲೇ ಮಾಡುವ, ಕೆಟ್ಟ ಸೈಕಲನ್ನು ಬಿಚ್ಚಿ ಜೋಡಿಸುವ ಬಾಲಕನೊಬ್ಬ ನಾಲ್ಕನೆಯ ತರಗತಿಗೆ ಬಂದರೂ ಒಂದು ವಾಕ್ಯವನ್ನು ಸರಾಗವಾಗಿ ಓದಲಾರನೆಂದರೆ ಅವನಿಗೆ 'ದಡ್ಡ' ಎಂಬ ಹೆಸರು ಅಂಟಿಕೊಳ್ಳಲು ತಡವಾಗುವುದಿಲ್ಲ. ಅಂಥ ಮಕ್ಕಳ ತಂದೆತಾಯಿಗಳು ಕಳವಳಗೊಂಡು, ಕೆಲವೇ ಮಕ್ಕಳನ್ನು ಸೇರಿಸಿಕೊಂಡು ವಿಶೇಷ ಗಮನ ಕೊಡುವುದಾಗಿ ಹೇಳುವ ಚಿಕ್ಕ ಖಾಸಗಿ ಶಾಲೆಗಳತ್ತ ನೋಡುವುದು ಸಹಜ. ಆ ಆಯ್ಕೆಯಲ್ಲಿ ವಿವೇಕವಾವುದು, ಭ್ರಮೆಯಾವುದು ಎಂಬುದನ್ನು ವಿಚಾರಿಸುವುದು ಅಧ್ಯಾಪಕರಿಗೂ ಪಾಲಕರಿಗೂ ಸಮಾನವಾಗಿ ಅಗತ್ಯವಾಗಿದೆ.

ಮೊದಲು ಈ ತೊಡಕಿನ ಸ್ವರೂಪವನ್ನು ತಿಳಿಯಬೇಕು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಎಂಬವರು ಹದಿನಾಲ್ಕು ವಯಸ್ಸಿನ ಒಬ್ಬ ಹುಡುಗನ ವಿಷಯವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಹುಡುಗನ ಕಣ್ಣು ಚೆನ್ನಾಗಿತ್ತು, ಬುದ್ಧಿ ಚುರುಕಾಗಿತ್ತು, ಗಣಿತ ಬರುತ್ತಿತ್ತು. ಓದು ಮಾತ್ರ ಹತ್ತಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಶಾಲೆಯಲ್ಲಿ ಇವನಷ್ಟು ಜಾಣನಿಲ್ಲವೆಂಬುದು ಅವನ ಅಧ್ಯಾಪಕರ ಅಭಿಪ್ರಾಯವಾಗಿತ್ತಂತೆ. ಇಂದು ಡಿಸ್ಲೆಕ್ಸಿಯಾ ಎಂದು ಕರೆಯಲ್ಪಡುವ ಈ ಸ್ಥಿತಿಗೆ ಸೋಮಾರಿತನವಾಗಲಿ ತಾಯಿಯ ಮುದ್ದಾಗಲಿ ಕಾರಣವಲ್ಲ. ನುಡಿಯ ಧ್ವನಿಗಳನ್ನು ಬಿಡಿಸಿ ಲಿಪಿಯೊಡನೆ ಕೂಡಿಸುವ ಮಿದುಳಿನ ಕ್ರಿಯೆಯಲ್ಲಿ ಹುಟ್ಟಿನಿಂದಲೇ ಇರುವ ಭಿನ್ನತೆಯೇ ಇದರ ಮೂಲ. ಬರವಣಿಗೆಯಲ್ಲಿ, ಗಣಿತದಲ್ಲಿ ತೋರುವ ಇಂಥವೇ ತೊಡಕುಗಳೂ ಉಂಟು. ಭಾರತದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಇವನ್ನೆಲ್ಲ 'ನಿರ್ದಿಷ್ಟ ಕಲಿಕಾ ನ್ಯೂನತೆ' ಎಂಬ ಹೆಸರಿನಿಂದ ತಾನು ಗುರುತಿಸಿದ 21 ನ್ಯೂನತೆಗಳಲ್ಲಿ ಸೇರಿಸಿದೆ.

ಇಂಗ್ಲಿಷಿನಲ್ಲಿ ಬರೆಯುವುದೊಂದು, ನುಡಿಯುವುದೊಂದು. ಆದುದರಿಂದ ಅಲ್ಲಿಯ ಮಕ್ಕಳು ತೊಡರುತ್ತಾರೆ. ಬರೆದಂತೆ ಓದುವ ಕನ್ನಡದಲ್ಲಿ ಈ ಬಾಧೆಯಿಲ್ಲ ಎಂದು ಭಾವಿಸುವವರುಂಟು. ಇದು ಸರಿಯಲ್ಲ. ಕನ್ನಡ ಓದುವ ಮಕ್ಕಳಲ್ಲಿಯೂ ಈ ತೊಡಕು ಇರುವುದನ್ನು ಎಸ್. ರಮಾ ಮತ್ತು ಅವರ ಸಹಲೇಖಕರು 1993ರಲ್ಲಿ ಪ್ರಕಟಿಸಿದ ಅಧ್ಯಯನ ವಿವರಿಸಿದೆ. ಕನ್ನಡದ 34 ವ್ಯಂಜನಗಳು 15 ಬಗೆಯ ಕಾಗುಣಿತವನ್ನು ಪಡೆದಾಗ 510 ರೂಪಗಳಾಗುತ್ತವೆ. ಅವುಗಳ ಮೇಲೆ ಒತ್ತಕ್ಷರಗಳು ಬೇರೆ. ಪಕಾರದೊಳಗೆ ಒಂದು ಗೆರೆ ಎಳೆದರೆ ಷಕಾರ. ದಕಾರದ ಕೆಳಗೆ ಒಂದು ಸೀಳು ಬಿದ್ದರೆ ಧಕಾರ. 'ಮ' ಮತ್ತು 'ವು' ಇವುಗಳ ಅಂತರ ಕೊಂಬಿನ ಒಂದು ತಿರುವಿನಷ್ಟು. 'ಧರ್ಮ' ಎಂಬ ಪದದಲ್ಲಿ ನುಡಿಯುವಾಗ ಮೊದಲು ಬರುವ ರೇಫವು ಬರೆಯುವಾಗ ಮಕಾರದ ಬಲಕ್ಕೆ ಸರಿಯುತ್ತದೆ. ಸಾಮಾನ್ಯ ಮಗು ಇದನ್ನೆಲ್ಲ ಅಭ್ಯಾಸಬಲದಿಂದ ದಾಟುತ್ತದೆ. ತೊಡಕುಳ್ಳ ಮಗುವಿಗೆ ಪ್ರತಿಯೊಂದೂ ಹೊಸ ಹೊಸ ಅಡ್ಡಿ. ಹೀಗಾಗಿ ಕನ್ನಡದಲ್ಲಿ ಇಂಥ ಮಗುವಿನ ಲಕ್ಷಣ ತಪ್ಪೋದಿನಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ನಿಧಾನದಲ್ಲಿ ಕಾಣಬಹುದು: ಅಕ್ಷರಕ್ಷರ ಕೂಡಿಸಿ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲಿನ ಅರ್ಥ ಜಾರಿಹೋಗಿರುತ್ತದೆ.

ಆದರೆ ನಿಧಾನವೆಲ್ಲ ನ್ಯೂನತೆಯಲ್ಲ. ಕನ್ನಡ ಮಕ್ಕಳ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಅಕ್ಷರಗಳ ಪೂರ್ಣ ಪರಿಚಯಕ್ಕೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳು ಬೇಕಾಗುತ್ತವೆಂಬುದು ತಿಳಿಯುತ್ತದೆ. ಮನೆಯಲ್ಲಿ ಬೇರೆ ನುಡಿಯಾಡುವ ಮಗು, ಶಾಲೆಗೆ ಸರಿಯಾಗಿ ಬರಲಾಗದ ಮಗು, ಕಿವಿ ಮಂದವಾದ ಮಗು, ಕನ್ನಡಕವಿಲ್ಲದೆ ಹಿಂದಿನ ಸಾಲಿನಲ್ಲಿ ಕುಳಿತ ಮಗು, ಇವರೆಲ್ಲರೂ ಓದಿನಲ್ಲಿ ಹಿಂದೆ ಬೀಳಬಹುದು. ಆದುದರಿಂದ ಶಾಲೆ ಬದಲಿಸುವ ಮೊದಲು ಕಣ್ಣು ಕಿವಿಗಳ ತಪಾಸಣೆ, ಆಮೇಲೆ ತಜ್ಞರ ಪರೀಕ್ಷೆ ನಡೆಯಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಕಡೆ ಇಂಥ ಪರೀಕ್ಷೆಗೆ ಅನುಕೂಲವುಂಟು. ಪ್ರಮಾಣಪತ್ರಕ್ಕಾಗಿ ನಡೆಯುವ ಪರೀಕ್ಷೆ ಸಾಮಾನ್ಯವಾಗಿ ಮೂರನೆಯ ತರಗತಿಯ, ಎಂದರೆ ಸುಮಾರು ಎಂಟು ವಯಸ್ಸಿನ, ಆಸುಪಾಸಿನಲ್ಲಿ. ಹಾಗೆಂದು ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕೆಂದಿಲ್ಲ. ಕಲಿಸುವ ನೆರವಿಗೆ ಪತ್ರದ ಅಪ್ಪಣೆ ಬೇಕಿಲ್ಲ. ಪರೀಕ್ಷಾ ರಿಯಾಯಿತಿಗೆ ಬೇಕು.

ಪರೀಕ್ಷೆಯಿಂದ ತೊಡಕು ಖಚಿತವಾದ ಮೇಲೆ ಶಾಲೆಯ ವಿಚಾರ. ಚಿಕ್ಕ ಶಾಲೆಯ ಗುಣವೇನು? 2009ರ ಶಿಕ್ಷಣ ಹಕ್ಕು ಅಧಿನಿಯಮವು ಒಂದರಿಂದ ಐದನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಅಧ್ಯಾಪಕನೆಂಬ ಪ್ರಮಾಣವನ್ನು ಹೇಳಿದೆ. ಎಂಟು ಹತ್ತು ಮಕ್ಕಳೇ ಇರುವಲ್ಲಿ ಒಂದೊಂದು ಮಗು ಎಲ್ಲಿ ತಡೆಯುತ್ತದೆಂಬುದನ್ನು ಅಧ್ಯಾಪಕ ಬೇಗ ಕಾಣಬಲ್ಲ, ನಿಂತು ಕಾಯಬಲ್ಲ. ನಗುವ ನೆರೆಯವರೂ ಕಡಿಮೆ. ಆದರೆ ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಬೋಧನೆ ಬದಲಾಗುವುದಿಲ್ಲ. ಮೂವತ್ತು ಮಕ್ಕಳಿಗೆ ಬರೆಸುತ್ತಿದ್ದ ಕಾಪಿಯನ್ನೇ ಎಂಟು ಮಕ್ಕಳಿಗೆ ಬರೆಸುವ ಶಾಲೆಯಿಂದ ಫಲವಿಲ್ಲ. ದೊಡ್ಡ ಶಾಲೆಯಲ್ಲಿದ್ದೂ ವಿಧಾನವನ್ನು ಬಲ್ಲ ಒಬ್ಬ ಅಧ್ಯಾಪಕ, ವಿಧಾನವರಿಯದ ಚಿಕ್ಕ ಶಾಲೆಗಿಂತ ಮೇಲು. ಆದುದರಿಂದ ಪಾಲಕರು ಮೊಟ್ಟಮೊದಲು ಕೇಳಬೇಕಾದುದು 'ಎಷ್ಟು ಮಕ್ಕಳು?' ಎಂದಲ್ಲ, 'ಓದನ್ನು ಹೇಗೆ ಕಲಿಸುತ್ತೀರಿ?' ಎಂದು.

ಈ ಪ್ರಶ್ನೆಗೆ ಬರುವ ಉತ್ತರವನ್ನು ಕಿವಿಯಿಂದ ಕೇಳಿದರೆ ಸಾಲದು. ಒಂದು ಪಾಠವನ್ನು ಕುಳಿತು ನೋಡಬೇಕು. 1930ರ ದಶಕದಲ್ಲಿ ಅಮೆರಿಕದ ಅನ್ನಾ ಗಿಲಿಂಗ್‌ಹ್ಯಾಮ್ ಮತ್ತು ಬೆಸ್ಸಿ ಸ್ಟಿಲ್ಮನ್ ಎಂಬ ಅಧ್ಯಾಪಕಿಯರು, ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಅವರ ವಿಚಾರಗಳನ್ನು ಅನುಸರಿಸಿ ರೂಪಿಸಿದ ಕ್ರಮದಲ್ಲಿ ಮಗು ಅಕ್ಷರವನ್ನು ನೋಡುತ್ತದೆ, ಅದರ ಧ್ವನಿಯನ್ನು ಕೇಳುತ್ತದೆ, ನುಡಿಯುತ್ತದೆ, ಕೈಯಿಂದ ತಿದ್ದುತ್ತದೆ; ಒಂದು ಮೆಟ್ಟಿಲು ಗಟ್ಟಿಯಾದ ಮೇಲೆಯೇ ಮುಂದಿನದು. ಕನ್ನಡನಾಡಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತ ಗಟ್ಟಿಯಾಗಿ ಉಚ್ಚರಿಸುತ್ತಿದ್ದುದನ್ನು ಬಲ್ಲವರಿಗೆ ಇದು ತೀರ ಹೊಸತೆನಿಸದು. ಭೇದವಿರುವುದು ಕ್ರಮದಲ್ಲಿ: ಇಲ್ಲಿ ಧ್ವನಿಯನ್ನು ಬಿಡಿಸುವ, ಕೂಡಿಸುವ ಅಭ್ಯಾಸವನ್ನು ಮಗುವಿನ ತಪ್ಪುಗಳನ್ನು ಗಮನಿಸಿ ಯೋಜಿಸಲಾಗುತ್ತದೆ, ಮರೆತುದನ್ನು ಬೆತ್ತದಿಂದಲ್ಲದೆ ಪುನರಾವರ್ತನೆಯಿಂದ ನೆನಪಿಗೆ ತರಲಾಗುತ್ತದೆ. ಕನ್ನಡಕ್ಕೆ ಈ ಕ್ರಮವನ್ನು ಅಳವಡಿಸುವಾಗ ಬಿಡಿ ಧ್ವನಿಯಷ್ಟೇ ಅಕ್ಷರವೆಂಬ ಉಚ್ಚಾರಣ ಘಟಕಕ್ಕೂ ಗಮನ ಬೇಕು. ಇಂಗ್ಲಿಷಿಗಾಗಿ ಸಿದ್ಧವಾದ ಪಾಠವನ್ನೇ ಕನ್ನಡದ ಮಗುವಿಗೆ ಕೊಡುವ ಶಾಲೆ ಅರ್ಧ ಕೆಲಸವನ್ನೇ ಮಾಡಿದಂತೆ.

ಎರಡನೆಯದು ಅಧ್ಯಾಪಕರ ಅರ್ಹತೆ ಮತ್ತು ಸ್ಥಿರತೆ. ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಅಧಿಕಾರ 1992ರ ಅಧಿನಿಯಮದ ಮೇರೆಗೆ ಭಾರತೀಯ ಪುನರ್ವಸತಿ ಪರಿಷತ್ತಿಗೆ ಇದೆ; ಆ ನೋಂದಣಿಯುಳ್ಳವರು ಶಾಲೆಯಲ್ಲಿ ಎಷ್ಟು ಮಂದಿ, ಎಷ್ಟು ವರ್ಷಗಳಿಂದ ಇದ್ದಾರೆ ಎಂಬುದನ್ನು ವಿಚಾರಿಸಬೇಕು. ವರ್ಷಕ್ಕೊಮ್ಮೆ ಅಧ್ಯಾಪಕರು ಬದಲಾಗುವಲ್ಲಿ ಇಂಥ ಮಗು ಪ್ರತಿ ಜೂನ್ ತಿಂಗಳಲ್ಲಿ ಮೊದಲಿಂದ ಪ್ರಾರಂಭಿಸಬೇಕಾಗುತ್ತದೆ. 'ಆರು ತಿಂಗಳಲ್ಲಿ ಗುಣಪಡಿಸುತ್ತೇವೆ' ಎನ್ನುವವರಿಂದ ದೂರವಿರುವುದು ಲೇಸು. ಇದು ಮದ್ದಿನಿಂದ ಮಾಯವಾಗುವ ರೋಗವಲ್ಲ. ತಕ್ಕ ಬೋಧನೆಯಿಂದ ಓದು ಬಹುಮಟ್ಟಿಗೆ ಸುಧಾರಿಸುತ್ತದೆ, ನಿಧಾನ ಮಾತ್ರ ಹಲವರಲ್ಲಿ ಜೀವನಪರ್ಯಂತ ಉಳಿಯುತ್ತದೆ.

ಮೂರನೆಯದು ಮುಂದಿನ ದಾರಿ. ಚಿಕ್ಕ ಶಾಲೆಗೆ ಸರ್ಕಾರದ ಮಾನ್ಯತೆ ಇದೆಯೆ? ಇಲ್ಲವಾದರೆ ಮಗು ಯಾವ ಪರೀಕ್ಷೆಗೆ ಕೂಡುತ್ತದೆ? ಎಸ್.ಎಸ್.ಎಲ್.ಸಿ.ಯಲ್ಲಿ ಮೂರು ಭಾಷೆಗಳೂ ಮೂರು ವಿಷಯಗಳೂ ಇವೆ. ಓದಿನ ತೊಡಕುಳ್ಳವರಿಗೆ ಮೂರು ಭಾಷೆ ಮೂರು ಬೆಟ್ಟಗಳಿದ್ದಂತೆ. 2016ರ ಅಧಿನಿಯಮವು ಹೆಚ್ಚಿನ ಸಮಯ, ಬರೆದುಕೊಡುವ ಲಿಪಿಕಾರ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಮೊದಲಾದ ಮಾರ್ಪಾಡುಗಳನ್ನು ಹೇಳಿದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮಾಧ್ಯಮಿಕ ಪರೀಕ್ಷೆ ಇನ್ನೊಂದು ದಾರಿ. ಅಲ್ಲಿ ಐದು ವಿಷಯಗಳು, ಅವುಗಳಲ್ಲಿ ಒಂದಾದರೂ ಭಾಷೆಯಿರಬೇಕು, ಒಂದೊಂದಾಗಿ ಐದು ವರ್ಷಗಳಲ್ಲಿ ಮುಗಿಸಲು ಅವಕಾಶವುಂಟು. ಇವುಗಳಲ್ಲಿ ಯಾವ ದಾರಿ, ಅದಕ್ಕೆ ಬೇಕಾದ ಕಾಗದಪತ್ರಗಳನ್ನು ಯಾರು ಮಾಡಿಸುತ್ತಾರೆ ಎಂಬುದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಎಷ್ಟೇ ಪ್ರೀತಿಯ ಶಾಲೆಯಾದರೂ ಮಗು ಹದಿನೈದನೆಯ ವಯಸ್ಸಿನಲ್ಲಿ ನಡುನೀರಿನಲ್ಲಿ ನಿಲ್ಲುವುದು ಖಂಡಿತ. ಅಂತೆಯೇ, ಓದು ಸುಧಾರಿಸಿದ ಮಗು ಸಾಮಾನ್ಯ ಶಾಲೆಗೆ ಮರಳುವ ಮಾರ್ಗವನ್ನು ಶಾಲೆ ತೆರೆದಿಟ್ಟಿದೆಯೋ ಎಂದು ನೋಡಬೇಕು. ಹಿಂದೆ ಹಾಗೆ ಮರಳಿದ ಮಕ್ಕಳ ತಂದೆತಾಯಿಗಳೊಡನೆ ಮಾತನಾಡುವುದು ಎಲ್ಲ ಪ್ರಕಟಣಪತ್ರಗಳಿಗಿಂತ ಉಪಯುಕ್ತ.

ನಾಲ್ಕನೆಯದು ಮಗುವಿನ ಸ್ವಂತ ಮಾತು. ಒಂದೆರಡು ದಿನ ಶಾಲೆಯಲ್ಲಿ ಕೂರಿಸಿ, ಸಂಜೆ ಮನೆಗೆ ಬಂದ ಮೇಲೆ ಕೇಳಬೇಕು. ಅಲ್ಲಿ ಚಿತ್ರ, ಸಂಗೀತ, ತೋಟಗಾರಿಕೆ, ಮರಗೆಲಸ, ಆಟ, ಇವುಗಳಲ್ಲಿ ಮಗು ಗೆಲ್ಲುವ ಒಂದಾದರೂ ತಾಣವಿರಬೇಕು. ದಿನವಿಡೀ ಬಾರದುದನ್ನೇ ಮಾಡಿಸುವ ಶಾಲೆ ಮಗುವಿಗೆ ತನ್ನ ಕೊರತೆಯನ್ನಲ್ಲದೆ ಬೇರೇನನ್ನೂ ಕಲಿಸದು.

ಇಷ್ಟೆಲ್ಲ ಸರಿಯಿದ್ದರೂ ತೆರಬೇಕಾದ ಬೆಲೆಯುಂಟು. ಇಂಥ ಶಾಲೆಗಳಲ್ಲಿ ಬಹುಪಾಲು ನಗರಗಳಲ್ಲಿವೆ, ಶುಲ್ಕ ಹೆಚ್ಚು, ಒಡಹುಟ್ಟಿದವರೂ ಓಣಿಯ ಗೆಳೆಯರೂ ಹೋಗುವ ಶಾಲೆಯಿಂದ ಮಗು ಬೇರೆಯಾಗುತ್ತದೆ. ನೆರೆಯ ಶಾಲೆಯಲ್ಲಿಯೇ ಕಲಿಯುತ್ತ, ದಿನಕ್ಕೊಂದು ತಾಸು ಬಲ್ಲವರಿಂದ ಬೇರೆಯಾಗಿ ಪಾಠ ಪಡೆಯುವುದು ಎಷ್ಟೋ ಮಕ್ಕಳಿಗೆ ಸಾಕಾಗುತ್ತದೆ. ಅಷ್ಟರಿಂದ ಏಳಿಗೆಯಾಗದಿದ್ದಾಗ, ಇಲ್ಲವೆ ಮಗು ಶಾಲೆಯ ಹೆಸರೆತ್ತಿದರೆ ನಡುಗುವ ಸ್ಥಿತಿಗೆ ಬಂದಾಗ, ಚಿಕ್ಕ ಶಾಲೆಯ ಆಯ್ಕೆ ಸಾರ್ಥಕ. ಆಯ್ದ ಮೇಲೂ ವರ್ಷಕ್ಕೊಮ್ಮೆ ಅದನ್ನು ಮರುವಿಚಾರಿಸಬೇಕು.

ಶುಲ್ಕ ತೆರಲಾರದ ರೈತನ, ಕೂಲಿಕಾರನ ಮಗುವಿನ ಗತಿಯೇನು? ಆ ಮಗುವಿಗೆ ಇರುವುದು ಊರಿನ ಶಾಲೆಯೊಂದೇ. ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಿ ತಕ್ಕ ಬೋಧನೆ ನೀಡುವುದು ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಲ್ಲಿ ಆಗಬೇಕಾದ ಕಾರ್ಯವೆಂದು 2016ರ ಅಧಿನಿಯಮ ವಿಧಿಸಿದೆ. ಖಾಸಗಿ ಶಾಲೆಯೂ ಇದರಿಂದ ಹೊರತಲ್ಲ. ಇದರಲ್ಲಿ ಹಣವಿಲ್ಲದೆ ಆಗುವ ಕೆಲಸಗಳೇ ಅನೇಕ. ತಡವರಿಸುವ ಮಗುವನ್ನು ಇದ್ದಕ್ಕಿದ್ದಂತೆ ಎಬ್ಬಿಸಿ ತರಗತಿಯ ಮುಂದೆ ಓದಿಸದಿರುವುದು. ವಿಜ್ಞಾನದ ಉತ್ತರದಲ್ಲಿ ಕಾಗುಣಿತಕ್ಕೆ ಅಂಕ ಕಳೆಯದಿರುವುದು. ಬರೆಯಲಾಗದುದನ್ನು ಬಾಯಲ್ಲಿ ಹೇಳಗೊಡುವುದು. ಕರಿಹಲಗೆಯಿಂದ ನಕಲು ಮಾಡಲು ಇನ್ನೂ ಐದು ನಿಮಿಷ ಕೊಡುವುದು. ಪಾಠವನ್ನು ಮೊದಲೇ ಓದಿ ಕೇಳಿಸುವುದು. ಹಣ ಬೇಕಾದ ಕೆಲಸವೆಂದರೆ ಒಂದು: ಪ್ರತಿ ಶಾಲೆಗೂ, ಕಡೆಯಪಕ್ಷ ಹತ್ತಿರದ ನಾಲ್ಕೈದು ಶಾಲೆಗಳಿಗೆ ಕೂಡಿಯಾದರೂ, ತರಬೇತಿ ಪಡೆದ ಒಬ್ಬ ವಿಶೇಷ ಶಿಕ್ಷಕ. ಶಾಲೆಗಳಿಗೆ ಕೊಠಡಿ ಕಟ್ಟಿಸಿದ ದಾನಿಗಳ ಹೆಸರುಗಳು ಕಲ್ಲಿನಲ್ಲಿ ಉಳಿದಿವೆ. ಅಂಥ ಒಬ್ಬ ಶಿಕ್ಷಕನ ತರಬೇತಿಯ ವೆಚ್ಚವನ್ನೋ ಸಂಬಳವನ್ನೋ ಹೊರುವ ದಾನಿಯ ಹೆಸರಿಗೆ ಕಲ್ಲು ದೊರೆಯದಿರಬಹುದು. ಆದರೆ ಮೂರನೆಯ ತರಗತಿಯಲ್ಲಿಯೇ ನೆರವು ಪಡೆದ ಮಗು ಏಳನೆಯ ತರಗತಿಯಲ್ಲಿ ಪುಸ್ತಕವನ್ನು ನಿಧಾನವಾಗಿಯಾದರೂ ತಾನೇ ಓದಿಕೊಳ್ಳುತ್ತದೆ, ಶಾಲೆಯನ್ನು ಬಿಟ್ಟು ಹೋಗುವುದಿಲ್ಲ. ಮತ್ತು ಅದರ ತಂದೆತಾಯಿಗಳು ದೂರದ ನಗರದಲ್ಲಿ ಬೇರೆ ಶಾಲೆಯನ್ನು ಹುಡುಕಬೇಕಾದ ಪ್ರಸಂಗವೇ ಬರುವುದಿಲ್ಲ.