ನೆರಳು ಬೇಕು, ಮುಸುಕು ಬೇಡ

ಭಾನುವಾರ ಬೆಂಗಳೂರಿನ ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ವಾಹನ ಸಂಚಾರ ಇರುವುದಿಲ್ಲ. ಅವತ್ತು ಅವೆಲ್ಲ ಮಕ್ಕಳ ಪಾಲು. ಸೈಕಲ್ಲು, ಸ್ಕೇಟಿಂಗು, ನಾಯಿಮರಿಗಳ ನಡುವೆ ಎಳೆಮಕ್ಕಳನ್ನು ಕೂರಿಸಿಕೊಂಡ ಸ್ಟ್ರಾಲರುಗಳು ಸಾಗುತ್ತಿರುತ್ತವೆ. ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಚುರುಗುಟ್ಟತೊಡಗಿದಾಗ ಒಂದೊಂದೇ ಗಾಡಿಯ ಮೇಲೆ ಬಟ್ಟೆ ಬೀಳುತ್ತದೆ. ಅಮ್ಮನ ದುಪಟ್ಟಾ, ಅಜ್ಜಿಯ ಶಾಲು, ಮಗುವಿನದೇ ಟವೆಲ್ಲು. ಗಾಳಿಗೆ ಹಾರದಿರಲೆಂದು ಅದನ್ನು ನಾಲ್ಕೂ ಕಡೆ ಸಿಕ್ಕಿಸಿ, ಕ್ಲಿಪ್ಪು ಹಾಕಿ ಭದ್ರಪಡಿಸುತ್ತಾರೆ. ಒಳಗೆ ಕತ್ತಲಾಗುತ್ತದೆ, ಮಗು ಮಲಗುತ್ತದೆ, ಮನೆಯವರಿಗೆ ನೆಮ್ಮದಿ.

ಪ್ರೀತಿಯಿಂದಲೇ ಮಾಡುವ ಕೆಲಸ ಇದು. ಆದರೂ ಬಿಸಿಲಲ್ಲಿ ಮಗುವಿಗೆ ಇದಕ್ಕಿಂತ ತೊಂದರೆಯ ಉಪಚಾರ ಇನ್ನೊಂದಿಲ್ಲ ಎಂದು ಹೇಳಲೇಬೇಕಾಗಿದೆ.

ಸ್ಟ್ರಾಲರ್ ಎಂದರೆ ಮೂರು ಕಡೆ ಬಟ್ಟೆ ಇರುವ ಆಳವಾದ ಆಸನ. ಗಾಳಿ ಒಳಗೆ ಬಂದು ಹೋಗುವುದು ಎದುರಿನ ತೆರವಿನಿಂದ ಮಾತ್ರ. ಅದನ್ನೂ ಮುಚ್ಚಿದರೆ ಬಿಸಿಲಿನ ಕಾವು ಬಟ್ಟೆಯ ಮೂಲಕ ಒಳಗೆ ಇಳಿಯುತ್ತಲೇ ಇರುತ್ತದೆ, ಮಗುವಿನ ಮೈಶಾಖವೂ ಉಸಿರಿನ ತೇವವೂ ಅದರೊಂದಿಗೆ ಸೇರಿಕೊಳ್ಳುತ್ತವೆ, ಯಾವುದಕ್ಕೂ ಹೊರದಾರಿ ಇರುವುದಿಲ್ಲ. 2014ರ ಬೇಸಿಗೆಯಲ್ಲಿ ಸ್ವೀಡನ್ನಿನ ದಿನಪತ್ರಿಕೆ ಸ್ವೆನ್ಸ್ಕಾ ಡಾಗ್‌ಬ್ಲಾಡೆಟ್ ಇದನ್ನು ಅಳೆದು ನೋಡಿತು. ತೆರೆದಿಟ್ಟ ಗಾಡಿಯಲ್ಲಿ 22 ಡಿಗ್ರಿ ಸೆಲ್ಸಿಯಸ್ ಇತ್ತು. ತೆಳುವಾದ ಬಟ್ಟೆ ಹೊದಿಸಿದ ಅರ್ಧ ಗಂಟೆಗೆ 34 ಆಯಿತು, ಒಂದು ಗಂಟೆಗೆ 37. ಒಂದು ಪತ್ರಿಕೆ ಒಂದು ದಿನ ಮಾಡಿದ ಪ್ರಯೋಗ, ಅಷ್ಟಕ್ಕೇ ಅದನ್ನು ವಿಜ್ಞಾನ ಎನ್ನಲಾಗದು ನಿಜ. ಆದರೆ ಅದು ಸ್ವೀಡನ್ನಿನ ಬೇಸಿಗೆ ಎಂಬುದನ್ನು ನಾವು ಮರೆಯುವಂತಿಲ್ಲ.

ವ್ಯವಸ್ಥಿತವಾಗಿ ಅಳೆದವರು ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು. ಆಲಿ ಜೇ ಅವರ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಣ ಮಸ್ಲಿನ್ ಹೊದಿಸಿದಾಗ ಗಾಡಿಯೊಳಗಿನ ತಾಪ ಸುಮಾರು 2.6 ಡಿಗ್ರಿ ಏರುತ್ತದೆ, ಫ್ಲಾನೆಲ್ ಬಟ್ಟೆಯಾದರೆ 3.7 ಡಿಗ್ರಿ. ಗಾಡಿಗೆ ಸಿಕ್ಕಿಸುವ ಬ್ಯಾಟರಿ ಫ್ಯಾನು ಒಂದನ್ನೇ ನಂಬಿದರೆ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ. ಅದೇ ಮಸ್ಲಿನ್ನನ್ನು ಒದ್ದೆ ಮಾಡಿ, ಜೊತೆಗೆ ಫ್ಯಾನು ಹಾಕಿದಾಗ ತಾಪ 4.7 ಡಿಗ್ರಿಯಷ್ಟು ಇಳಿಯಿತು. ಮಣ್ಣಿನ ಮಡಕೆಯ ನೀರು ತಂಪಾಗುವ ಹಾಗೆಯೇ ಇದು: ಹೊರಮೈಯಿಂದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ.

ಹಾಗೆಂದು ಒದ್ದೆ ಬಟ್ಟೆಯನ್ನು ಎಲ್ಲರೂ ಎಲ್ಲ ಕಡೆಯೂ ನೆಚ್ಚಿಕೊಳ್ಳುವಂತಿಲ್ಲ. ಕಲಬುರಗಿ, ರಾಯಚೂರಿನ ಒಣಹವೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬೇಗ ಒಣಗುತ್ತದೆ. ಒಣಗಿದ ಮೇಲೆ ಅದೂ ಒಂದು ಒಣ ಮುಸುಕೇ, ಮತ್ತೆ ಮತ್ತೆ ನೀರು ಚಿಮುಕಿಸುತ್ತಿರಬೇಕು. ಮಂಗಳೂರು, ಕಾರವಾರದ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ನೀರು ಆವಿಯಾಗುವುದೇ ನಿಧಾನ, ತಂಪಾಗುವುದೂ ಕಡಿಮೆ. ಎಲ್ಲೇ ಆಗಲಿ, ಬಟ್ಟೆ ತೆಳು ಹತ್ತಿಯದಾಗಿರಲಿ, ಒಂದು ಕಡೆಯಾದರೂ ಪೂರ್ತಿ ತೆರೆದಿರಲಿ, ಮಗುವಿನ ಮುಖ ನಿಮ್ಮ ಕಣ್ಣಿಗೆ ಸದಾ ಕಾಣುತ್ತಿರಲಿ. ಗಾಡಿಯ ಜೊತೆ ಬರುವ ಪ್ಲಾಸ್ಟಿಕ್ಕಿನ ಮಳೆ ಕವರನ್ನಂತೂ ಬಿಸಿಲಲ್ಲಿ ಹಾಕಲೇಬಾರದು.

ನಮ್ಮ ಮನೆಗಳಲ್ಲಿ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು, ತಲೆಗೆ ಸೆರಗು ಮರೆ ಮಾಡಿ ಬಿಸಿಲು ದಾಟಿಸಿದವರು ಎಷ್ಟೋ ಮಂದಿ. ಆ ಸೆರಗಿಗೂ ಈ ದುಪಟ್ಟಾಕ್ಕೂ ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಮಗುವಿನ ಮೈ ತಾಯಿಯ ಮೈಗೆ ತಾಗಿರುತ್ತಿತ್ತು, ಕಾವು ಏರಿದರೆ ಮೊದಲು ಗೊತ್ತಾಗುತ್ತಿದ್ದುದು ಅವಳಿಗೆ. ಗಾಡಿಯಲ್ಲಿ ಮಗು ನಮ್ಮಿಂದ ಒಂದು ಮಾರು ದೂರ, ಅದೂ ನಮಗೆ ಬೆನ್ನು ಹಾಕಿ. ಬೆಲ್ಟಿನಲ್ಲಿ ಕಟ್ಟಿಸಿಕೊಂಡ ಕೂಸು ಪಕ್ಕಕ್ಕೆ ಸರಿಯಲಾರದು, ಹೊದಿಕೆ ಕಿತ್ತೆಸೆಯಲಾರದು. ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ನಮಗಿಂತ ಹೆಚ್ಚು, ಹಾಗಾಗಿ ಸುತ್ತಲಿನ ಬಿಸಿ ಬೇಗ ಮೈಗೇರುತ್ತದೆ. ಬೆವರಿ ತಂಪಾಗುವ ಸಾಮರ್ಥ್ಯ ಇನ್ನೂ ಬಲಿತಿರುವುದಿಲ್ಲ. ಇನ್ನೂ ಕಳವಳದ ಸಂಗತಿ ಎಂದರೆ, ವಿಪರೀತ ಬಿಸಿಯಾದ ಮಗು ಜೋರಾಗಿ ಅಳದೇ ಮಂಕಾಗಿಬಿಡಬಹುದು. ಮುಸುಕಿನ ಹೊರಗಿನವರು ಅದನ್ನು ಒಳ್ಳೆಯ ನಿದ್ದೆ ಎಂದುಕೊಳ್ಳುತ್ತಾರೆ.

ಬೆಂಗಳೂರಿನವರನ್ನು ತಂಗಾಳಿಯೂ ಮೋಸ ಮಾಡುತ್ತದೆ. ಚರ್ಮ ಸುಡುವುದು ನೇರಳಾತೀತ ಕಿರಣದಿಂದ. ಗಾಳಿ ಬಿಸಿಯೋ ತಂಪೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಈ ಕಿರಣಗಳು ಶೇ 10ರಷ್ಟು ಹೆಚ್ಚು ಪ್ರಖರವಾಗುತ್ತವೆ. ಜೊತೆಗೆ ಇಡೀ ಕರ್ನಾಟಕ ಕರ್ಕಾಟಕ ವೃತ್ತದ ದಕ್ಷಿಣಕ್ಕಿರುವುದರಿಂದ ಇಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ. ವಿಶ್ವ ಆರೋಗ್ಯ ಸಂಸ್ಥೆ ನೇರಳಾತೀತ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು ಎನ್ನುತ್ತದೆ, 11 ಮುಟ್ಟಿದರೆ ವಿಪರೀತ ಎಂದು ಪರಿಗಣಿಸುತ್ತದೆ. ನಮ್ಮ ಬೇಸಿಗೆಯ ನಡುಹಗಲಲ್ಲಿ ಆಕಾಶ ಶುಭ್ರವಿದ್ದರೆ ಅದು 11 ದಾಟುತ್ತದೆ. ತೆಳುಮೋಡ ಕವಿದ ದಿನವೂ ಕಿರಣಗಳ ಬಹುಪಾಲು ಕೆಳಗಿಳಿಯುತ್ತದೆ. ಮೊಬೈಲು ನೋಡದೆಯೂ ಇದನ್ನು ತಿಳಿಯಬಹುದು: ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಮಗುವನ್ನು ಬಿಸಿಲಿಗೆ ಕರೆದೊಯ್ಯುವ ಹೊತ್ತು ಅದಲ್ಲ.

ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಯಲ್ಲೂ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಬೆಳೆದವರಿಗೇ ಬಿಸಿಲಿನ ವೇಳಾಪಟ್ಟಿ ಇರುವಾಗ ಆರು ತಿಂಗಳ ಕೂಸಿಗೆ ಬೇಡವೇ?

‘ಎಳೆ ಬಿಸಿಲು ಮಗುವಿಗೆ ಒಳ್ಳೆಯದಲ್ಲವೇನಮ್ಮ?’ ಎಂದು ಅಜ್ಜಿಯಂದಿರು ಕೇಳುತ್ತಾರೆ. ಎಣ್ಣೆ ತಿಕ್ಕಿ, ಬೆಳಗಿನ ಹೊಂಬಿಸಿಲಲ್ಲಿ ಕಾಲ ಮೇಲೆ ಮಲಗಿಸಿಕೊಳ್ಳುವ ಆ ಪದ್ಧತಿಯಲ್ಲಿ ಮಗುವಿಗೆ ಸುಖವಿದೆ, ಏಳು–ಏಳೂವರೆಯ ಬಿಸಿಲಿನ ಹತ್ತು ನಿಮಿಷದಿಂದ ಕೆಡುಕೂ ಇಲ್ಲ. ಆದರೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ನೇರಳಾತೀತ-ಬಿ ಕಿರಣ ಆ ಹೊತ್ತಿನಲ್ಲಿ ಬಹಳ ಕಡಿಮೆ. ಅದು ಸಾಕಷ್ಟು ಸಿಗುವುದು ಸೂರ್ಯ ಮೇಲೇರಿದ ಮೇಲೆ, ಎಳೆಚರ್ಮವನ್ನು ಕಾಪಾಡಬೇಕಾದ ಹೊತ್ತಿನಲ್ಲೇ. ಈ ಇಕ್ಕಟ್ಟಿಗೆ ಮಕ್ಕಳ ವೈದ್ಯರು ಕಂಡುಕೊಂಡ ದಾರಿ ಡ್ರಾಪ್ಸ್. ಭಾರತೀಯ ಶಿಶುವೈದ್ಯರ ಅಕಾಡೆಮಿ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಕೊಡಲು ಹೇಳುತ್ತದೆ. ವಿಟಮಿನ್ನಿಗಾಗಿ ಮಗುವನ್ನು ಸುಡುಬಿಸಿಲಲ್ಲಿ ಸುತ್ತಾಡಿಸುವ ಅಗತ್ಯ ಉಳಿದಿಲ್ಲ.

ಕಾಮಾಲೆಯ ಮಾತು ಬಂದಾಗಲೂ ಬಿಸಿಲಿನ ಹೆಸರು ಬರುತ್ತದೆ. ಅದರ ಹಿಂದೆ ಒಂದು ಸೊಗಸಾದ ಕತೆಯಿದೆ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿ, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಬಿಸಿಲಿದ್ದಾಗ ಅಂಗಳಕ್ಕೆ ತರುತ್ತಿದ್ದರು. ಒಂದು ದಿನ ಒಂದು ಮಗುವಿನ ಮೈಯೆಲ್ಲ ತಿಳಿಯಾಗಿ, ಬಟ್ಟೆಯ ಅಂಚು ಮರೆಮಾಡಿದ್ದ ತ್ರಿಕೋನದಷ್ಟು ಜಾಗ ಮಾತ್ರ ಹಳದಿಯಾಗಿ ಉಳಿದದ್ದನ್ನು ಅವರು ವೈದ್ಯರಿಗೆ ತೋರಿಸಿದರು. ಆ ಸುಳಿವು ಹಿಡಿದ ಡಾ. ಕ್ರೆಮರ್ ಮತ್ತು ಸಂಗಡಿಗರು 1958ರಲ್ಲಿ ಬೆಳಕಿನ ಚಿಕಿತ್ಸೆಯ ವರದಿ ಪ್ರಕಟಿಸಿದರು. ಇವತ್ತು ಆಸ್ಪತ್ರೆಗಳಲ್ಲಿ ಹಳದಿಯಾದ ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸುವುದು ಆ ದಾದಿಯ ಕಣ್ಣಿನ ಸೂಕ್ಷ್ಮದಿಂದ. ಕಾಮಾಲೆ ಇಳಿಸುವುದು ಬೆಳಕಿನಲ್ಲಿರುವ ನೀಲಿ ಭಾಗ; ಅದನ್ನು ಅಳತೆಯಲ್ಲಿ ಕೊಡಲು ಯಂತ್ರ ಬಂದಿರುವಾಗ ಬಿಸಿಲಿನ ಭರವಸೆಯಲ್ಲಿ ವೈದ್ಯರ ಬಳಿ ಹೋಗುವುದನ್ನು ತಡಮಾಡಬಾರದು.

ಇನ್ನೊಂದು ಮಾತನ್ನೂ ಆಡಿಬಿಡುತ್ತೇನೆ. ‘ಮಗು ಕಪ್ಪಾಗುತ್ತದೆ’ ಎಂದು ಮುಸುಕು ಹಾಕುವವರು ಇದ್ದಾರೆ. ಮೈಬಣ್ಣ ಕಾಯಿಲೆಯಲ್ಲ. ನಮ್ಮ ಮಕ್ಕಳ ಚರ್ಮದ ವರ್ಣದ್ರವ್ಯ ಅವರನ್ನು ಸುಡುಗಾಯದಿಂದ ಒಂದಿಷ್ಟು ಕಾಪಾಡುತ್ತದೆ ಕೂಡ. ಆದರೆ ಶಾಖದಿಂದ ಅದು ಕಾಪಾಡಲಾರದು. ಬಣ್ಣ ಉಳಿಸಲು ಹೋಗಿ ಬೇಯಿಸುವುದು ತರವಲ್ಲ.

ಆರು ತಿಂಗಳಿಗಿಂತ ಚಿಕ್ಕ ಮಗುವನ್ನು ನೇರ ಬಿಸಿಲಿಗೆ ಒಡ್ಡಲೇಬಾರದು ಎಂಬುದು ಮಕ್ಕಳ ವೈದ್ಯರ ಸಲಹೆ. ಅದಕ್ಕೆ ರಕ್ಷಣೆ ನೆರಳು ಮತ್ತು ಬಟ್ಟೆ. ಆರು ತಿಂಗಳು ದಾಟಿದ ಮೇಲೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ, ಎಸ್‌ಪಿಎಫ್ 30ರ ಸನ್‌ಸ್ಕ್ರೀನನ್ನು ಮುಖ, ಕೈಗಳಂಥ ತೆರೆದ ಜಾಗಕ್ಕೆ ಹಚ್ಚಬಹುದು. ಉತ್ತರ ಕರ್ನಾಟಕದ ಕುಂಚಿಗೆಯನ್ನು ನೆನೆಸಿಕೊಳ್ಳಿ: ತಲೆಯಿಂದ ಇಳಿದು ಕತ್ತಿನ ಹಿಂಭಾಗ, ಬೆನ್ನು ಎಲ್ಲವನ್ನೂ ಮರೆಮಾಡುವ ಉಡುಪು. ತೆಳು ಹತ್ತಿಯಲ್ಲಿ, ಅಸ್ತರಿಲ್ಲದೆ ಹೊಲಿಸಿದರೆ ಬೇಸಿಗೆಗೂ ಅದರಷ್ಟು ಚೆಂದದ್ದು ಬೇರೆ ಸಿಗಲಿಕ್ಕಿಲ್ಲ. ಬಿಗಿಯಾದ ಕುಲಾವಿ, ಕಾಲುಚೀಲ, ಕೈಚೀಲಗಳನ್ನು ಚಳಿಗಾಲಕ್ಕೆ ಎತ್ತಿಡಿ.

ಗಾಡಿಯ ಹುಡ್ ಸೂರ್ಯ ಮೇಲಿದ್ದಾಗ ಚೆನ್ನಾಗಿ ನೆರಳು ಕೊಡುತ್ತದೆ. ಆದರೆ ನಾವು ಹೊರಡುವ ಬೆಳಿಗ್ಗೆ, ಸಂಜೆಯ ಹೊತ್ತಿನಲ್ಲಿ ಬಿಸಿಲು ಓರೆಯಾಗಿ ಹುಡ್ಡಿನ ಕೆಳಗೆ ನುಗ್ಗಿ ಮಗುವಿನ ಕಣ್ಣಿಗೇ ಹೊಡೆಯುತ್ತದೆ. ಬೆಳಿಗ್ಗೆಯಾದರೆ ಪಡುವಣ ದಿಕ್ಕಿಗೆ, ಸಂಜೆಯಾದರೆ ಮೂಡಣ ದಿಕ್ಕಿಗೆ ಮುಖಮಾಡಿ ಹೊರಡಿ. ಸೂರ್ಯ ಹುಡ್ಡಿನ ಬೆನ್ನಿಗೆ ಉಳಿಯುತ್ತಾನೆ. ಬಿಸಿಲಲ್ಲಿ ನಿಲ್ಲಿಸಿದ್ದ ಗಾಡಿಯ ಬಕಲ್ಲು, ಸೀಟು ಮುಟ್ಟಿ ನೋಡಿಯೇ ಮಗುವನ್ನು ಕೂರಿಸಿ. ಆಗಾಗ ನಿಂತು ಕತ್ತಿನ ಹಿಂದೆ, ಎದೆಯ ಮೇಲೆ ಕೈಯಿಟ್ಟು ನೋಡಿ. ಆರು ತಿಂಗಳೊಳಗಿನ ಮಗುವಿಗೆ ನೀರು ಬೇಡ, ಎದೆಹಾಲನ್ನೇ ಹೆಚ್ಚು ಸಲ ಕೊಡಬೇಕು. ಮಗು ಹಾಲು ಬೇಡವೆಂದರೆ, ಮಂಕಾದರೆ, ವಾಂತಿ ಮಾಡಿದರೆ, ಬಾಯಿ ಒಣಗಿದರೆ, ಹೊತ್ತಾದರೂ ಡೈಪರ್ ಒದ್ದೆಯಾಗದಿದ್ದರೆ, ನೆತ್ತಿಯ ಮೆತ್ತನೆ ಭಾಗ ಒಳಗಿಳಿದಂತೆ ಕಂಡರೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಸಾಧಾರಣ ನೀರಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸುತ್ತಾ ಕೂಡಲೇ ಆಸ್ಪತ್ರೆಗೆ ಹೊರಡಿ. ಐಸು ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ಮಗುವಿಗೆ ನಾವು ಕೊಡಬಹುದಾದ ಅತ್ಯುತ್ತಮ ಮರೆ ಮರದ್ದೇ. ಎಲೆಗಳು ಬಿಸಿಲನ್ನು ತಡೆಯುವುದಷ್ಟೇ ಅಲ್ಲ, ತೇವವನ್ನು ಹೊರಬಿಟ್ಟು ಸುತ್ತಲಿನ ಗಾಳಿಯನ್ನೂ ತಣಿಸುತ್ತವೆ. ಕಾಂಕ್ರೀಟ್ ಚಾವಣಿಗೆ ಆ ಗುಣವಿಲ್ಲ. ಎಲ್ಲ ಮರದ ನೆರಳೂ ಒಂದೇ ಅಲ್ಲ ಎಂಬುದು ಬೇಸಿಗೆಯಲ್ಲಿ ಗೊತ್ತಾಗುತ್ತದೆ. ಜಕರಂಡ, ತಬೆಬುಯಾ ಹೂ ತುಂಬಿ ನಿಂತಾಗ ಎಲೆಯೇ ವಿರಳ. ಗುಲ್ಮೊಹರ್ ಕೂಡ ಹೂಬಿಡುವ ಹೊತ್ತಿಗೆ ಬೋಳುಬೋಳು. ಆಗ ಆಶ್ರಯ ಕೊಡುವುದು ಮಾವು, ಹಲಸು, ಆಲ, ಮಳೆಮರ, ಹೊಸ ಚಿಗುರು ಹೊದ್ದ ಹೊಂಗೆ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕೃಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಬೀದಿಯಲ್ಲಿ ಹೂವಿರಬೇಕೆಂದು ಮರಗಳನ್ನು ಆರಿಸಿ ನೆಡಿಸಿದರು. ಆ ಕನಸಿನ ಫಲವನ್ನು ಬೆಂಗಳೂರು ಇಂದಿಗೂ ಉಣ್ಣುತ್ತಿದೆ. ಈಗ ಏಪ್ರಿಲ್ ತಿಂಗಳ ನೆರಳಿಗಾಗಿಯೂ ಹಾಗೆಯೇ ಯಾರಾದರೂ ಯೋಚಿಸಬೇಕು.

ಹೊಸ ಅಪಾರ್ಟ್‌ಮೆಂಟುಗಳ ಆವರಣ ನೋಡಿದರೆ ಸಂಕಟವಾಗುತ್ತದೆ. ಮಕ್ಕಳ ಆಟದ ಜಾಗಕ್ಕೆ ಟೈಲ್ಸು ಹಾಸಿ, ಸುತ್ತ ಅಲಂಕಾರದ ತಾಳೆಗಿಡ ನಿಲ್ಲಿಸಿರುತ್ತಾರೆ; ಅದರ ಕೆಳಗೆ ಒಂದು ಗಾಡಿಗೂ ನೆರಳು ಸಿಗದು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ದಯವಿಟ್ಟು ಈ ಮಾತು ಎತ್ತಿ. ನಡೆಯುವ ದಾರಿಯ ಪಕ್ಕ ಹೊಂಗೆ, ಬೇವು, ನೇರಳೆ ಸಸಿಗಳಿಗೆ ಜಾಗ ಕೇಳಿ, ಮುಂಗಾರು ಹಿಡಿದ ಕೂಡಲೇ ನೆಡಿಸಿ.