ರಂಟೆಯಿಂದ ಕಾರಿನವರೆಗೆ

ಯಾದಗಿರಿ, ಶಹಾಪುರ, ಸುರಪುರದ ಕಡೆಯ ಎರೆಭೂಮಿಯನ್ನು ಆಳವಾಗಿ ಉಳಲು ಕಬ್ಬಿಣದ ರಂಟೆಯೇ ಬೇಕು ಎಂಬುದು ರೈತರಿಗೆ ಗೊತ್ತು. ಆದರೆ ಕಬ್ಬಿಣದ ರಂಟೆಗೂ ಬಿಡದಿಯಲ್ಲಿ ತಯಾರಾಗುವ ಕಾರಿಗೂ ನಂಟಿದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು.

ಕಥೆ ಆರಂಭವಾಗುವುದು ಬೆಳಗಾವಿಯಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯ ತಾಂತ್ರಿಕ ಶಾಲೆಯೊಂದರಲ್ಲಿ ಶಿಕ್ಷಕರಾಗಿದ್ದರು. 1888ರಲ್ಲಿ ಅಣ್ಣನೊಂದಿಗೆ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಬಳಿಕ ಅವರ ಗಮನ ರೈತನ ಅಗತ್ಯಗಳತ್ತ ಹರಿಯಿತು. ಮೊದಲು ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆಂದು ಹೆದರಿದ ರೈತರು ಮೊದಲಿಗೆ ಅದನ್ನು ಕೊಳ್ಳಲಿಲ್ಲ. ಲಕ್ಷ್ಮಣರಾಯರು ಕಾದರು. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಬರಡು ನೆಲದಲ್ಲಿ ಕಾರ್ಖಾನೆಯನ್ನೂ ಕಾರ್ಮಿಕರ ಊರನ್ನೂ ಕಟ್ಟಿದರು. ಅದೇ ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ.

ಕಬ್ಬಿಣದ ನೇಗಿಲಿನಲ್ಲಿ ಒಂದು ದೊಡ್ಡ ತತ್ವ ಅಡಗಿದೆ. ಕುಳ ಸವೆದರೆ ಇಡೀ ನೇಗಿಲನ್ನು ಎಸೆಯಬೇಕಿಲ್ಲ, ಕುಳವನ್ನಷ್ಟೇ ಬದಲಿಸಿದರೆ ಸಾಕು. ಆದರೆ ಹೊಸ ಕುಳ ಹಳೆಯ ಜಾಗದಲ್ಲಿ ಸರಿಯಾಗಿ ಕೂಡಬೇಕಾದರೆ ಎಲ್ಲ ಕುಳಗಳ ಅಳತೆಯೂ ಒಂದೇ ಆಗಿರಬೇಕು. ಕಾರಿನ ಸಾವಿರಾರು ಬಿಡಿಭಾಗಗಳು ನಿಂತಿರುವುದೂ ಇದೇ ತತ್ವದ ಮೇಲೆ. ವ್ಯತ್ಯಾಸವಿರುವುದು ಅಳತೆಯ ಸೂಕ್ಷ್ಮತೆಯಲ್ಲಿ. ಎಂಜಿನ್ನಿನ ಸಿಲಿಂಡರಿಗೂ ಪಿಸ್ಟನ್ನಿಗೂ ನಡುವಣ ಸಂದನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯಬೇಕಾಗುತ್ತದೆ.

ಅಂಥ ಅಳತೆ ಸಾಧ್ಯವಾಗುವುದು ಲೇತ್‌ನಂಥ ಯಂತ್ರಗಳಿಂದ. ಲೇತ್‌ನಲ್ಲಿ ಲೋಹದ ತುಂಡು ತಿರುಗುತ್ತದೆ, ಹರಿತವಾದ ಉಳಿ ಅದನ್ನು ಬೇಕಾದಷ್ಟೇ ಹೆರೆಯುತ್ತದೆ. ಬೇರೆ ಯಂತ್ರಗಳನ್ನು ಹೆರುವ ಯಂತ್ರವಾದ್ದರಿಂದ ಇದನ್ನು ಯಂತ್ರಗಳ ತಾಯಿ ಎನ್ನುತ್ತಾರೆ. 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಂಥ ಲೇತ್‌ಗಳನ್ನೇ ತಯಾರಿಸಿತು. ಅದರಿಂದ ಹರಿಹರಕ್ಕೆ ಕೈಗಾರಿಕಾ ನಗರವೆಂಬ ಹೆಸರು ಬಂತು. 1997ರಲ್ಲಿ ಕಿರ್ಲೋಸ್ಕರ್ ಸಮೂಹವು ಜಪಾನಿನ ಟೊಯೋಟಾದ ಜೊತೆಗೂಡಿತು. ಬಿಡದಿಯಲ್ಲಿ ತಯಾರಾದ ಕ್ವಾಲಿಸ್ ವಾಹನ 2000ದಲ್ಲಿ ಮಾರುಕಟ್ಟೆಗೆ ಬಂತು.

ಹರಿಹರದ ಆ ಕಾರ್ಖಾನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿಹೋಯಿತು. ಅದನ್ನೇ ನಂಬಿದ್ದ ಮನೆಗಳಿಗೆ ಅದು ಸಣ್ಣ ಪೆಟ್ಟಲ್ಲ. ಆದರೂ ಕಾರ್ಖಾನೆಗೆ ಬೀಗ ಹಾಕಬಹುದು, ಕೈಗೆ ಹತ್ತಿದ ಕಸುಬಿಗೆ ಬೀಗ ಹಾಕಲಾಗದು. ಒಳ್ಳೆಯ ಟರ್ನರ್, ಫಿಟ್ಟರ್ ಎಲ್ಲಿ ಹೋದರೂ ಬದುಕು ಕಟ್ಟಿಕೊಳ್ಳಬಲ್ಲ. ಪರಂಪರೆ ಎಂದರೆ ಇದೇ.

ಈ ಮಾತು ನಮ್ಮ ಭಾಗಕ್ಕೆ ಇನ್ನಷ್ಟು ಅನ್ವಯಿಸುತ್ತದೆ. ನಾರಾಯಣಪುರ ಜಲಾಶಯದ ಕಾಲುವೆ ನೀರು ಸುರಪುರ, ಶಹಾಪುರದ ಹೊಲಗಳಿಗೆ ಬಂದಿದೆ. ನೀರಿನ ಜೊತೆಗೆ ಪಂಪು, ಟ್ರ್ಯಾಕ್ಟರು, ಟ್ರೇಲರುಗಳೂ ಬಂದಿವೆ. ಇವೆಲ್ಲ ಕೆಟ್ಟಾಗ ನೆನಪಾಗುವುದು ಊರಿನ ವರ್ಕ್‌ಶಾಪಿನ ಲೇತ್. ಇನ್ನೊಂದೆಡೆ ಇದೇ ಊರುಗಳ ಯುವಕರು ಕೂಲಿಗಾಗಿ ಬೆಂಗಳೂರಿಗೆ ಗುಳೆ ಹೋಗುತ್ತಿದ್ದಾರೆ. ಕೂಲಿಯಾಗಿ ಹೋಗುವುದಕ್ಕೂ ಕಸುಬುದಾರನಾಗಿ ಹೋಗುವುದಕ್ಕೂ ಅಜಗಜಾಂತರವಿದೆ. ಆದುದರಿಂದ ಹತ್ತನೇ ತರಗತಿ ಮುಗಿಸಿದ ಮಗನೋ ಮಗಳೋ ಐಟಿಐ ಸೇರುತ್ತೇನೆಂದರೆ, ಅದು ಕಡಿಮೆ ದರ್ಜೆಯ ಓದೆಂದು ತಳ್ಳಿಹಾಕಬೇಡಿ. ಬೆಳಗಾವಿಯ ಸೈಕಲ್ ಅಂಗಡಿಯೂ ಒಂದು ಕಾಲಕ್ಕೆ ಚಿಕ್ಕದಾಗಿಯೇ ಇತ್ತು.